ಇಬ್ಬರು ನಿರ್ದೇಶಕರ ಕಂಪನಿ

ಹೆಸ್ಲಪ್ ಅಂಡ್ ಹೆಸ್ಲಪ್ ಲಿಮಿಟೆಡ್
ಚರ್ಚ್ ಆರ್ಗನ್‌ಗಳ ಶ್ರುತಿ ಮತ್ತು ದುರಸ್ತಿ
ಹೆಕ್ಸಮ್, ನಾರ್ತಂಬರ್‌ಲೆಂಡ್

ಶನಿವಾರ, 6 ಜೂನ್ 2020

ಕಂಪನಿಯ ಮಾನ್ಯ ನಿರ್ದೇಶಕರಾದ ಶ್ರೀ ಆಲ್ವಿನ್ ಹೆಸ್ಲಪ್ ಅವರಿಗೆ,

ಕಂಪನಿಯ ಪರವಾಗಿ ವಂದನೆಗಳು. ಕೊರೊನಾ ಸಾಂಕ್ರಾಮಿಕದ ಕಾರಣ ಮಾರ್ಚ್ ತಿಂಗಳಿಂದ ಚರ್ಚುಗಳೆಲ್ಲ ಮುಚ್ಚಿದ್ದು, ಕಂಪನಿಗೆ ಯಾವ ಕೆಲಸವೂ ಇಲ್ಲದಿರುವುದರಿಂದ, ತಮ್ಮನ್ನು ಸರ್ಕಾರದ ನೆರವಿನ ಯೋಜನೆಯಡಿ ಫರ್ಲೋ ರಜೆಯ ಮೇಲೆ ಕಳುಹಿಸಲು ಉದ್ದೇಶಿಸಲಾಗಿದೆ. ರಜೆಯ ಅವಧಿಯಲ್ಲಿ ತಾವು ಕಂಪನಿಗೆ ಆದಾಯ ತರುವಂಥ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ನಿರ್ದೇಶಕರ ಮೇಲೆ ಕಾನೂನು ಹೊರಿಸಿರುವ ಕರ್ತವ್ಯಗಳನ್ನು ಮಾತ್ರ ನಿರ್ವಹಿಸಬಹುದು. ಈ ವಿಷಯವನ್ನು ತಮಗೆ ಬರಹದ ಮೂಲಕವೇ ತಿಳಿಸಬೇಕೆಂದು ನಿಯಮವಿರುವುದರಿಂದ ಈ ಪತ್ರ.

ಇಷ್ಟನ್ನು ಬರೆದುಕೊಟ್ಟವನು ನಮ್ಮ ಲೆಕ್ಕಪತ್ರದ ಹಾರ್ಬಾಟಲ್. 'ಇದನ್ನ ಹಂಗೇ ಕಾಪಿ ಮಾಡಿ, ಕೆಳಗೆ ಒಂದು ಸಹಿ ಹಾಕಿ, ಪೋಸ್ಟ್ ಮಾಡಿಬಿಡಿ ತಾಯೀ. ಎರಡು ನಿಮಿಷದ ಕೆಲಸ' ಅಂದ. ಅವನು ಹಾಗಂದದ್ದು ಏಪ್ರಿಲ್‌ನಲ್ಲಿ. ಎರಡು ನಿಮಿಷದ ಕೆಲಸಕ್ಕೆ ನಾನು ಎರಡು ತಿಂಗಳು ತೆಗೆದುಕೊಂಡೆ.

ಆಲ್ವಿನ್, ನಿನ್ನನ್ನು 'ತಾವು' ಅನ್ನಲು ನನ್ನಿಂದ ಇನ್ನೊಂದು ಸಾಲೂ ಆಗುವುದಿಲ್ಲ. ಮೂವತ್ತೊಂದು ವರ್ಷ ನಿನ್ನ ಒಳಬನಿಯನ್ ಒಗೆದು ಒಣಹಾಕಿದವಳು ನಾನು. ಕಂಪನಿ ಹೇಳಬೇಕಾದದ್ದನ್ನು ಮೇಲೆ ಹೇಳಿಯಾಯಿತು. ಇನ್ನು ಮುಂದಿನದು ನನ್ನದು.

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಕಂಪ್ಯೂಟರ್ ಕಂಡರೆ ನಿನಗಾಗದು. ಹಾಗಾಗಿ ಕಾಗದವೇ ಗತಿ. ಕಾಗದ ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ, ಅದಕ್ಕೆ ಸರ್ಕಾರದ ಒಂದು ನಿಯಮವೇ ಬರಬೇಕಾಯಿತು ನೋಡು. ರಜೆಯಲ್ಲಿರುವ ನಿರ್ದೇಶಕರು ಕಾನೂನಿನ ಕರ್ತವ್ಯ ಮಾತ್ರ ಮಾಡಬಹುದಂತೆ. ಈ ಪತ್ರ ಬರೆಯುವುದು ಕಾನೂನಿನ ಕರ್ತವ್ಯ. ಇದರಲ್ಲಿ ಎಷ್ಟು ಪುಟ ಇರಬೇಕೆಂದು ಯಾರೂ ಹೇಳಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ 'ಸುತ್ತಿ ಬಳಸಿ ಮಾತಾಡ್ತೀಯ' ಅಂತ ಗೊಣಗುತ್ತೀಯ. ಬರುವ ಬುಧವಾರ, ಹತ್ತನೇ ತಾರೀಖು, ಕಡೆಯ ದಿನ. ಅಷ್ಟರೊಳಗೆ ರಜೆಗೆ ಹೋಗದವರಿಗೆ ಈ ಯೋಜನೆಯ ಬಾಗಿಲು ಮುಚ್ಚಿದ ಹಾಗೆ. ನಮ್ಮದು ಇಬ್ಬರು ನಿರ್ದೇಶಕರ ಕಂಪನಿ. ನಿರ್ದೇಶಕರನ್ನು ರಜೆಗೆ ಕಳುಹಿಸುವ ತೀರ್ಮಾನವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಮಾಡಬೇಕು, ಪುಸ್ತಕದಲ್ಲಿ ಬರೆಯಬೇಕು, ಸಭೆಗೆ ಇಬ್ಬರೂ ಇರಬೇಕು. ಒಬ್ಬಳೇ ಅಡುಗೆಮನೆಯಲ್ಲಿ ಕೂತು 'ಎಲ್ಲರೂ ಒಪ್ಪಿದರು' ಅಂತ ಬರೆದುಕೊಳ್ಳುವ ಹಾಗಿಲ್ಲ. ನಾನು ನಿನಗೆ ಬರೆದ ಹಾಗೆ ನೀನೂ ನನಗೆ ಬರೆಯಬೇಕು, 'ರೋವೀನಾ, ಕೆಲಸ ನಿಲ್ಲಿಸು' ಅಂತ. ನನ್ನ ಬದುಕಿನಲ್ಲಿ ಯಾರೂ ಇಲ್ಲಿಯವರೆಗೆ ನನಗೆ ಹಾಗೆ ಹೇಳಿಲ್ಲ. ನೀನಂತೂ ಹೇಳಿಯೇ ಇಲ್ಲ.

ದುಡ್ಡೇನೂ ರಾಶಿ ಬರುವುದಿಲ್ಲ. ಸಂಬಳದಲ್ಲಿ ನೂರಕ್ಕೆ ಎಂಬತ್ತು ಪಾಲು ಸರ್ಕಾರ ಕೊಡುತ್ತದೆ. ನಮ್ಮ ಸಂಬಳ ಎಷ್ಟು ಪುಟಾಣಿ ಅಂತ ನಿನಗೆ ಗೊತ್ತು. ಉಳಿದದ್ದನ್ನೆಲ್ಲ ವರ್ಷದ ಕೊನೆಗೆ ಲಾಭಾಂಶ ಅಂತ ತೆಗೆದುಕೊಳ್ಳುತ್ತಿದ್ದೆವಲ್ಲ, ಅದು ಲೆಕ್ಕಕ್ಕಿಲ್ಲವಂತೆ. ಸ್ವಂತ ದುಡಿಮೆಯವರಿಗೆ ಅಂತ ಬೇರೆ ಯೋಜನೆ ಇದೆ, ಬಡಗಿಗೂ ತೋಟದವನಿಗೂ ಬರುತ್ತದೆ. ಕಂಪನಿ ಅಂತ ಬೋರ್ಡ್ ಹಾಕಿಕೊಂಡವರಿಗೆ ಅದೂ ಇಲ್ಲ. ನಾನು ಹಾರ್ಬಾಟಲ್‌ನನ್ನು ಕೇಳಿದೆ: 'ಕಂಪನಿ ಮಾಡ್ಕೊಳ್ಳಿ, ಸಂಬಳ ಚಿಕ್ಕದಾಗಿ ಇಟ್ಕೊಳ್ಳಿ, ತೆರಿಗೆ ಉಳಿಯತ್ತೆ ಅಂತ ಕಿವಿ ಊದಿದ್ದು ಯಾರಪ್ಪಾ?' ಆ ಕಡೆಯಿಂದ ಕೆಮ್ಮು ಕೇಳಿಸಿತು. 'ಆಗ ಅದೇ ಬುದ್ಧಿವಂತಿಕೆ ಆಗಿತ್ತು ತಾಯೀ' ಅಂದ. ಪಾಪ, ಊರಿನ ಅರ್ಧ ಜನ ಅವನಿಗೆ ದಿನಾ ಇದೇ ಮಾತು ಕೇಳುತ್ತಿದ್ದಾರೆ.

ನನಗಂತೂ ಆ ದುಡ್ಡು ಬಂದರೆ ಬರಲಿ, ಬಿಟ್ಟರೆ ಬಿಡಲಿ. ಸುಳ್ಳು. ಬೇಕು. ಉಳಿತಾಯ ಕರಗಿದೆ. ಆದರೆ ನನಗಿಂತ ನಿನಗೆ ಬೇಕು ಅಂತ ನನಗೆ ಗೊತ್ತು. ನಿನ್ನ ಅಕ್ಕ ಐಸೊಬೆಲ್ ಮೊನ್ನೆ ಫೋನ್ ಮಾಡಿದ್ದಳು. ಸೀಹೌಸಸ್‌ನ ಸಮುದ್ರದಂಡೆಯಲ್ಲಿ ಒಬ್ಬ ಪ್ರವಾಸಿಯೂ ಇಲ್ಲ, ನೀನು ಉಳಿದುಕೊಂಡಿರುವ ಅವಳ ಗೆಸ್ಟ್‌ಹೌಸಿನ ಹಾಸಿಗೆಗಳೆಲ್ಲ ಮಡಚಿಟ್ಟ ಹಾಗೆಯೇ ಇವೆ, ನೀನು ಹೊಗೆಮೀನಿನ ಕಾರ್ಖಾನೆಯಲ್ಲಿ ದಿನಗೂಲಿಗೆ ಹೆರಿಂಗ್ ಮೀನು ಸೀಳುವ ಕೆಲಸ ಕೇಳಲು ಹೋಗಿದ್ದೆಯಂತೆ. ಅರವತ್ತೊಂದು ವರ್ಷದವನಿಗೆ ಅವರು ಕೊಡಲಿಲ್ಲವಂತೆ. ಪೆನ್ಸಿಲಿಗಿಂತ ಸಣ್ಣ ಆರ್ಗನ್ ಕೊಳವೆಯನ್ನು ಹಿತ್ತಾಳೆಯ ಶಂಕುವಿನಾಕಾರದ ಹತಾರದಿಂದ ಕೂದಲೆಳೆಯಷ್ಟು ತಟ್ಟಿ ಶ್ರುತಿಗೆ ತರುವ ಕೈ, ಮೀನು ಸೀಳಲು ಹೋಯಿತಲ್ಲ. ಐಸೊಬೆಲ್‌ಗೆ ಮಾತ್ರ 'ಹೌದಾ' ಅಂದು ಫೋನ್ ಇಟ್ಟೆ.

ಅವಳೂ ನನ್ನ ಹತ್ತಿರ ಈಗ ಬಿಗಿಯಾಗಿಯೇ ಮಾತಾಡುತ್ತಾಳೆ. ಕ್ರಿಸ್‌ಮಸ್ ಹೊತ್ತಿನಿಂದಲೂ ಹಾಗೆ. ಆಗ ಫೋನ್ ಮಾಡಿ, 'ಅವನ ಕಾಗದ ತಲುಪಿತಾ?' ಅಂದಳು. 'ತಲುಪಿತು' ಅಂದೆ. 'ಏನೂ ಹೇಳೋದಿಲ್ವಾ?' ಅಂದಳು. 'ಏನಿದೆ ಹೇಳೋಕೆ?' ಅಂದೆ. 'ಹಂಗಾದ್ರೆ ಸರಿ ಕಣಮ್ಮಾ. ಆ ಚಳೀಲಿ ಆಲ್ನಿಕ್‌ಗೆ ಹೋಗಿ, ಬಸ್ ಸ್ಟಾಪಲ್ಲಿ ಅರ್ಧ ದಿನ ಕೂತು ವಾಪಸ್ ಬಂದ ನಿನ್ನ ಗಂಡ. ಮೂರು ದಿನ ಜ್ವರ' ಅಂದಳು. ಆ ಚಳಿಯಲ್ಲಿ ಆಲ್ನಿಕ್‌ನಲ್ಲಿ ನಿನಗೇನಿತ್ತಪ್ಪಾ ಕೆಲಸ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ನಿನ್ನ ಮೇಲೆ ಕೋಪವಿತ್ತು.

ಆ ಕಾಗದದ ವಿಷಯ ಈಗ ಹೇಳಲೇಬೇಕು.

ಅಕ್ಟೋಬರ್‌ನಲ್ಲಿ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತು ನೀನು ಅಂದೆಯಲ್ಲ, 'ಕಂಪನಿಗೆ ಬರೆದು ಕಳಿಸ್ತೀನಿ. ನನ್ನ ಹೆಸರು ತೆಗೆದು ಹಾಕ್ಬಿಡು' ಅಂತ. ನವೆಂಬರ್ ಕೊನೆಗೆ ಉದ್ದನೆಯ ಕಂದು ಲಕೋಟೆ ಬಂತು. ನಿನ್ನ ದಪ್ಪ ಅಕ್ಷರದಲ್ಲಿ 'ಕಾರ್ಯದರ್ಶಿಗಳು, ಹೆಸ್ಲಪ್ ಅಂಡ್ ಹೆಸ್ಲಪ್ ಲಿಮಿಟೆಡ್' ಅಂತ ವಿಳಾಸ. ನನ್ನ ಹೆಸರು ಎಲ್ಲಿಯೂ ಇಲ್ಲ. ಒಳಗೇನಿದೆ ಅಂತ ತಿಳಿಯಲು ತೆರೆಯಬೇಕಾಗಿರಲಿಲ್ಲ. ಅದನ್ನು ಅಡುಗೆಮನೆಯ ಡ್ರಾಯರಿನಲ್ಲಿ, ಪಾತ್ರೆ ಒರೆಸುವ ಬಟ್ಟೆಗಳ ಕೆಳಗೆ ಇಟ್ಟೆ. ಅಂದಿನಿಂದ ಮೇಲಿನ ಎರಡು ಬಟ್ಟೆಯನ್ನೇ ಒಗೆದು ಒಗೆದು ಬಳಸುತ್ತಿದ್ದೇನೆ. ಅವು ಈಗ ಬಲೆಯಾಗಿವೆ.

ನಿನ್ನ ರಾಜೀನಾಮೆ ಕಂಪನಿಗೆ ಬಂದಿದೆ, ಕಂಪನಿ ಅದನ್ನು ಓದಿಲ್ಲ. ಓದದಿದ್ದರೆ ತಲುಪಿಲ್ಲ. ಇದು ದೇಶದ ಕಾನೂನು ಹೌದೋ ಅಲ್ಲವೋ, ನನ್ನ ಅಡುಗೆಮನೆಯ ಕಾನೂನು. ಹಾರ್ಬಾಟಲ್ ಪ್ರತಿ ವಾರ ಕೇಳುತ್ತಾನೆ, 'ಇನ್ನೊಬ್ಬರು ಡೈರೆಕ್ಟರ್ ಇದ್ದಾರೋ ಇಲ್ವೋ? ಒಂದೇ ಮಾತು ಹೇಳಿ. ಇಲ್ಲ ಅಂದ್ರೆ ನೀವೊಬ್ಬರೇ ತೀರ್ಮಾನ ಮಾಡಿ ನಿಮ್ಮ ಪಾಲು ತಗೋಬಹುದು, ಅವರಿಗೆ ಕಾಸೂ ಇಲ್ಲ. ಇದ್ದಾರೆ ಅಂದ್ರೆ ಇಬ್ಬರೂ ಕೂತ್ಕೊಳ್ಳಿ.' ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಇದ್ದಾರೆ ಅನ್ನಲು ಧೈರ್ಯವಿರಲಿಲ್ಲ. 'ವಿಚಾರಿಸಿ ಹೇಳ್ತೀನಿ' ಅಂತ ಹೇಳುತ್ತಲೇ ಇದ್ದೇನೆ. ಮನೆಯಲ್ಲಿ ಒಬ್ಬಳೇ ಇರುವವಳು ಯಾರನ್ನು ವಿಚಾರಿಸುತ್ತಾಳೆ ಅಂತ ಅವನೂ ಕೇಳಲಿಲ್ಲ, ಒಳ್ಳೆಯವನು.

ಈ ಮನೆ ಎಷ್ಟು ಸದ್ದಿಲ್ಲದೆ ಇದೆ ಗೊತ್ತಾ? ಗುರುವಾರ ಸಂಜೆ ಎಂಟಕ್ಕೆ ನರ್ಸು, ಡಾಕ್ಟರುಗಳಿಗೆ ಅಂತ ಬೀದಿಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಎದುರು ಮನೆಯವಳು ಬಾಣಲೆ ಬಡಿಯುತ್ತಿದ್ದಳು, ಅದು ಅರ್ಧ ಸ್ವರ ಇಳಿದಿತ್ತು. ಪಕ್ಕಕ್ಕೆ ತಿರುಗಿ 'ಕೇಳಿದ್ಯಾ?' ಅನ್ನಲು ಹೊರಟೆ. ಪಕ್ಕದಲ್ಲಿ ಛತ್ರಿ ಸ್ಟ್ಯಾಂಡ್ ಇತ್ತು.

ಹಿಟ್ಟು ಏಳು ವಾರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹೋದ ವಾರ ಸಿಕ್ಕಿತು. ಮನೆಗೆ ಬಂದವಳೇ ಕಾವಲಿ ಇಟ್ಟು ಹಿನ್ನಿ ರೊಟ್ಟಿ ತಟ್ಟಿದೆ. ಕಾವಲಿಯ ಮೇಲೆ ಬೆಣ್ಣೆ ಬಿಟ್ಟುಕೊಂಡು ಚುಂಯ್ ಅಂತ ಹಾಡಿತು, ಒಣದ್ರಾಕ್ಷಿ ಉಬ್ಬಿತು. ನೀನು ಆ ರೊಟ್ಟಿಯನ್ನೂ ಹಿನ್ನಿ ಅನ್ನುತ್ತಿದ್ದೆ, ಜೇನು ಅನ್ನುವ ಮುದ್ದಿಗೆ ನನ್ನನ್ನೂ ಹಿನ್ನಿ ಅನ್ನುತ್ತಿದ್ದೆ. ಯಾರನ್ನು ಕರೆದೆ ಅಂತ ತಿಳಿಯದೆ ರೊಟ್ಟಿಯೂ ನಾನೂ ಒಟ್ಟಿಗೇ ಮೇಜಿಗೆ ಬರುತ್ತಿದ್ದೆವು. ನಾಲ್ಕು ತಟ್ಟಿದೆ. ಎರಡು ತಿಂದೆ. ಉಳಿದೆರಡನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮೂರನೆಯ ದಿನ ಹಕ್ಕಿಗಳಿಗೆ ಹಾಕಿದೆ. ನಿನ್ನ ಪಾಲು ಅಂತ ತೆಗೆದಿಡುವ ಚಾಳಿ ಇನ್ನೂ ಹೋಗಿಲ್ಲ.

ನಿನ್ನ ಕಿವಿಯ ವಿಷಯ ನನಗೆ ಮೊದಲು ಗೊತ್ತಾದದ್ದೂ ಆ ರೊಟ್ಟಿಯಿಂದಲೇ, ಆಲ್ವಿನ್. ಇದನ್ನು ನಿನಗೆ ಹೇಳಿಲ್ಲ. ಒಂದು ಭಾನುವಾರ ಕಾವಲಿಯ ಪಕ್ಕದಲ್ಲೇ ನಿಂತು ನೀನು ಅಂದೆ, 'ಯಾಕೋ ಇವತ್ತು ಹಿನ್ನಿ ಹಾಡ್ತಿಲ್ಲ.' ಅದು ಕೂಗಿಕೊಂಡು ಹಾಡುತ್ತಿತ್ತು. ನಾನು 'ಬೆಣ್ಣೆ ಕಮ್ಮಿ ಆಯ್ತು ಕಣೋ' ಅಂದೆ. ಅದು ನಾನು ನಿನಗೆ ಹೇಳಿದ ಮೊದಲ ಸುಳ್ಳು. ಆಮೇಲೆ ರೂಢಿಯಾಯಿತು.

ನೀನು ಗೋಡೆಯೆತ್ತರದ ಆರ್ಗನ್‌ನ ಹೊಟ್ಟೆಯೊಳಗೆ, ಗಾಳಿಗೆ ನುಡಿಯುವ ಕೊಳವೆಗಳ ನಡುವೆ, ಏಣಿ ಹತ್ತಿ ಕೂರುವುದು, ನಾನು ಹೊರಗೆ ಕೀಗಳ ಮುಂದೆ ಕೂತು ಒಂದೊಂದೇ ಸ್ವರ ಒತ್ತಿ ಹಿಡಿಯುವುದು. ನೀನು ತಟ್ಟಿ ಶ್ರುತಿಗೆ ತಂದು 'ಮುಂದಿನದು!' ಅಂತ ಕೂಗುವುದು, ನಾನು ಪಕ್ಕದ ಕೀ ಒತ್ತುವುದು. ಮುಖ ಕಾಣದೆ, ದಿನಕ್ಕೆ ಸಾವಿರ ಸಲ. ಮದುವೆಯಾದ ವಾರದಿಂದ ನಮ್ಮ ಸಂಸಾರ ನಡೆದದ್ದೇ ಹಾಗೆ. ನಿನ್ನ 'ಮುಂದಿನದು' ಕೇಳಿದರೆ ನಿನಗೆ ಹಸಿವಾಗಿದೆಯೋ, ಬೆನ್ನು ನೋಯುತ್ತಿದೆಯೋ, ನನ್ನ ಮೇಲೆ ಸಿಟ್ಟೋ, ಎಲ್ಲ ಗೊತ್ತಾಗುತ್ತಿತ್ತು. ಆ ಭಾನುವಾರದ ಮುಂದಿನ ವಾರ ಒಂದು ಚರ್ಚಿನಲ್ಲಿ, ತಾರಸ್ಥಾಯಿಯ ಕೊನೆಯ ಹನ್ನೆರಡು ಕೊಳವೆಗಳ ಹತ್ತಿರ ಬಂದಾಗ ನೀನು ತಟ್ಟುವುದು ಬೇಗ ಬೇಗ ಆಯಿತು. 'ಮುಂದಿನದು' ಅನ್ನುವುದು ಜೋರಾಯಿತು. ಸ್ವರ ಮಾತ್ರ ಅಳುತ್ತಲೇ ಇತ್ತು. ನಿನಗೆ ಕೇಳಿಸದ್ದನ್ನು ಅಂದಾಜಿನ ಮೇಲೆ ತಟ್ಟುತ್ತಿದ್ದೀಯ ಅಂತ ತಿಳಿದೂ ನಾನು ಪಕ್ಕದ ಕೀ ಒತ್ತುತ್ತಾ ಹೋದೆ.

ಹೇಳಬೇಕಿತ್ತು. ಅವತ್ತು ಸಂಜೆ ಗಾಡಿಯಲ್ಲೇ ಹೇಳಬೇಕಿತ್ತು. ನೀನು ಖುಷಿಯಾಗಿದ್ದೆ, ಪಾದ್ರಿ ಕೈಕುಲುಕಿದ್ದರು, ನೀನು ಸಿಳ್ಳೆ ಹಾಕುತ್ತಿದ್ದೆ. ಸಿಳ್ಳೆಯೂ ಇಳಿದಿತ್ತು. ಮರುದಿನ 'ಅಂಗಡಿಗೆ ಹೋಗಿ ಬರ್ತೀನಿ' ಅಂತ ಹೇಳಿ ಅದೇ ಚರ್ಚಿಗೆ ಒಬ್ಬಳೇ ಹೋದೆ. ನಿನ್ನ ಹಳೆಯ ಪಟ್ಟೆ ಪೈಜಾಮದ ಬಟ್ಟೆಯಲ್ಲಿ ಸೀಸದ ಗುಂಡು ಹೊಲಿದು ಒಂದು ಚೀಲ ಮಾಡಿಕೊಂಡಿದ್ದೆ. ಅದನ್ನು ಕೀ ಮೇಲೆ ಭಾರವಾಗಿ ಇಟ್ಟು, ಓಡಿಹೋಗಿ ಏಣಿ ಹತ್ತಿ, ಆ ಕೊಳವೆ ತಟ್ಟಿ, ಇಳಿದು, ಚೀಲವನ್ನು ಪಕ್ಕದ ಕೀಗೆ ಸರಿಸಿ, ಮತ್ತೆ ಹತ್ತಿ. ಹನ್ನೆರಡು ಸ್ವರಕ್ಕೆ ಹನ್ನೆರಡು ಸಲ, ಆಮೇಲೆ ಪ್ರತಿ ಚರ್ಚಿನಲ್ಲೂ ಹಾಗೇ. ಮೊಣಕಾಲು ಹೋದದ್ದು ಅಲ್ಲೇ, ವಯಸ್ಸಿಗೆ ಅಂತ ನಿನ್ನ ಹತ್ತಿರ ಅಂದೆ.

ಸೇಂಟ್ ಆಸ್ವಾಲ್ಡ್ ಚರ್ಚಿನಲ್ಲಿ ನಾನು ಆ ಚೀಲವನ್ನು ಮರೆತು ಬಂದೆ. ಅಕ್ಟೋಬರ್‌ನಲ್ಲಿ ನೀನು ಅಲ್ಲಿಗೆ ಹೋದಾಗ ಕೊನೆಯ ಕೀ ಮೇಲೆ ನಿನ್ನದೇ ಪೈಜಾಮದ ಪಟ್ಟೆ ಕೂತಿತ್ತು. ಅದನ್ನು ನೀನು ತಂದು ಊಟದ ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕ ಇಟ್ಟೆ. 'ಎಷ್ಟು ದಿನದಿಂದ?' ಅಂತ ನೀನು ಕೇಳಿದೆ. ನಾನು 'ಎರಡು ವರ್ಷ' ಅಂದೆ. ಅದೂ ಸುಳ್ಳು, ಆಲ್ವಿನ್. ನಾಲ್ಕು. ನೀನು ಕೂಗಾಡಲಿಲ್ಲ. 'ಗಂಡ ಕಿವುಡ ಅಂತ ಅವನ ಮುಖಕ್ಕೆ ಹೇಳೋ ಧೈರ್ಯ ಇರಲಿಲ್ಲ. ಅವನ ಬೆನ್ನ ಹಿಂದೆ ಸರಿಮಾಡೋ ಧೈರ್ಯ ಇತ್ತಾ?' ಅಂದೆ. ನಿನ್ನ ಮಾನ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿನ್ನಿಂದ ನಿನ್ನ ಕಿವಿಯ ಸುದ್ದಿಯನ್ನೇ ಕದ್ದಿಟ್ಟಿದ್ದೆ. ತಪ್ಪು ನನ್ನದು. ಎಂಟು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದ ಎರಡು ಪದ, ಈಗ ಬರೆದೆ.

ಮೇ ತಿಂಗಳಲ್ಲಿ ಒಂದು ದಿನ ನಡೆದುಕೊಂಡು ಸೇಂಟ್ ಆಸ್ವಾಲ್ಡ್‌ಗೆ ಹೋಗಿದ್ದೆ. ಪಾದ್ರಿಯವರು ತಮ್ಮ ಮನೆಯ ಕಿಟಕಿಯಿಂದಲೇ ಕೈಬೀಸಿ, 'ಒಳಗೆ ತೇವ ಹಿಡಿದಿದೆಯಾ ಅಂತ ಒಂದ್ಸಲ ನೋಡ್ಬಿಡಮ್ಮಾ, ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ' ಅಂದರು. ಒಳಗೆ ಮಾರ್ಚ್‌ನ ಹೂವುಗಳು ಹೂದಾನಿಯಲ್ಲೇ ಒಣಗಿದ್ದವು. ಗಾಳಿಯ ಮೋಟಾರ್ ಹಾಕಿ, ಕೂತು, ಕೆಳಗಿನ ಸ್ವರ ಒತ್ತಿ ಹಿಡಿದೆ. ಹಿಡಿದೇ ಇದ್ದೆ. ಯಾರೂ 'ಮುಂದಿನದು' ಅನ್ನಲಿಲ್ಲ. ಅನ್ನುವವರು ಇಲ್ಲ ಅಂತ ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ, ಏಳಲೊಲ್ಲದು. ಆ ಒಂದು ಸ್ವರ ಖಾಲಿ ಚರ್ಚಿನಲ್ಲಿ ಎಷ್ಟು ಹೊತ್ತು ಕೂಗಿತೋ. ನಾನು ಅಲ್ಲೇ ಕೂತು ಅತ್ತೆ. ಸಾಕಾದ ಮೇಲೆ ಮೂಗು ಒರೆಸಿಕೊಂಡು, ತೇವ ಏನೂ ಇಲ್ಲ ಅಂತ ಪಾದ್ರಿಗೆ ಹೇಳಿ ಬಂದೆ.

ಹೀಗಿದೆ ಕಥೆ. ನೀನಿಲ್ಲದೆ ನನಗೆ ಆಗುತ್ತಿಲ್ಲ. ಕೆಲಸ ಇದ್ದಿದ್ದರೆ ಕೆಲಸದ ನೆಪದಲ್ಲಿ ದಿನ ನೂಕುತ್ತಿದ್ದೆ. ಈಗ ಸರ್ಕಾರವೇ ಕೆಲಸ ಮಾಡಬೇಡ ಅನ್ನುತ್ತಿದೆ. ಅಡುಗೆಮನೆಯ ಗೋಡೆಯಲ್ಲಿ ನಲವತ್ತು ಚರ್ಚುಗಳ ಬೀಗದ ಕೈಗಳು ನೇತಾಡುತ್ತಿವೆ, ಒಂದಕ್ಕೂ ಹೋಗುವ ಹಾಗಿಲ್ಲ. ಈ ಕಾಯಿಲೆ ಕಳೆದು ಚರ್ಚುಗಳು ತೆರೆದಾಗ ಅವುಗಳ ಜೊತೆ ನೀನು ಇರುತ್ತೀಯೋ ಇಲ್ಲವೋ, ಅಷ್ಟು ತಿಳಿದರೆ ನನಗೆ ಸಾಕು.

ಆದ್ದರಿಂದ ನಾನು ಮಾಡುವುದು ಇಷ್ಟು. ಆ ಕಂದು ಲಕೋಟೆಯನ್ನು ತೆರೆಯದೆಯೇ ಇದರ ಜೊತೆ ವಾಪಸ್ ಇಡುತ್ತೇನೆ. ನೀನು ಅದನ್ನು ಐಸೊಬೆಲ್‌ಳ ಒಲೆಗೆ ಹಾಕಿಬಿಡು. ಹಾಕಿ, ನಾನು ಮೇಲೆ ಬರೆದ ಹಾಗೆ ನಾಲ್ಕು ಸಾಲು ನನಗೆ ಬರೆದು, ಬುಧವಾರದೊಳಗೆ ಸಿಗುವ ಹಾಗೆ ಕಳುಹಿಸು, ಕಾಗದದ ಮೇಲೆಯೇ ಸಭೆ ನಡೆದ ಹಾಗಾಯಿತು. ಕಂಪನಿಗೆ ಯಾವ ರಾಜೀನಾಮೆಯೂ ಬಂದಿರಲಿಲ್ಲ ಅಂತ ಹಾರ್ಬಾಟಲ್‌ಗೆ ಹೇಳುತ್ತೇನೆ. ದುಡ್ಡು ನೇರ ನಿನ್ನ ಖಾತೆಗೆ ಬರುತ್ತದೆ. ಅದನ್ನು ತೆಗೆದುಕೊಂಡ ಮಾತ್ರಕ್ಕೆ ನೀನು ಮನೆಗೆ ಬರಬೇಕು ಅಂತ ಇಲ್ಲ. ನಿನ್ನನ್ನು ಕಟ್ಟಿಹಾಕಲು ಬರೆಯುತ್ತಿಲ್ಲ. ಬಂದರೆ ನನಗೆ ಸಂತೋಷ ಅನ್ನುವುದನ್ನು ಮುಚ್ಚಿಡಲೂ ಬರೆಯುತ್ತಿಲ್ಲ.

ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಕೆಮ್ಮು ಬಂದರೆ ಉದಾಸೀನ ಮಾಡಬೇಡ.

ಕಂಪನಿಯ ಪರವಾಗಿ, ಮತ್ತು ಕಂಪನಿಯನ್ನು ಬದಿಗಿಟ್ಟು,

ನಿನ್ನ
ರೋವೀನಾ

ಮರೆತದ್ದು, ಭಾನುವಾರ ಬೆಳಿಗ್ಗೆ:

ಲಕೋಟೆ ತೆರೆದೆ.

ನಿನ್ನೆ ಬರೆದದ್ದನ್ನು ಬೆಳಿಗ್ಗೆ ಚಹಾದ ಜೊತೆ ಓದಿಕೊಂಡೆ. 'ರಾಜೀನಾಮೆ ಬಂದಿರಲಿಲ್ಲ ಅಂತ ಹಾರ್ಬಾಟಲ್‌ಗೆ ಹೇಳುತ್ತೇನೆ' ಅನ್ನುವ ಸಾಲಿಗೆ ಬಂದಾಗ ನಾಚಿಕೆಯಾಯಿತು. ನಾಲ್ಕು ವರ್ಷ ನಿನ್ನ ಬೆನ್ನ ಹಿಂದೆ ಸರಿಮಾಡಿದ್ದಕ್ಕೆ ಕ್ಷಮೆ ಕೇಳಿದವಳು, ಅದೇ ಕಾಗದದ ಕೊನೆಯಲ್ಲಿ ಮತ್ತೆ ಅದನ್ನೇ ಮಾಡಲು ಹೊರಟಿದ್ದೆ. ನಿನಗೆ ಬೇಡದಿದ್ದರೆ ಬೇಡ ಅನ್ನುವುದನ್ನು ನಿನ್ನ ಬಾಯಿಂದಲೇ ಕೇಳಬೇಕು, ಕೇಳಿ ಅನುಭವಿಸಬೇಕು ಅಂತ ಡ್ರಾಯರ್ ಎಳೆದು, ಬಟ್ಟೆಗಳ ಕೆಳಗಿಂದ ತೆಗೆದು, ಬೆಣ್ಣೆ ಚಾಕುವಿನಿಂದ ಕೊಯ್ದೆ.

ಆಲ್ವಿನ್, ರಾಜೀನಾಮೆ ಇರಲೇ ಇಲ್ಲವಲ್ಲೋ.

ನಿನ್ನ ಕಾಗದ ನಿನಗೇ ನೆನಪಿದೆಯೋ ಇಲ್ಲವೋ, ನನಗೆ ಈಗ ಬಾಯಿಪಾಠ. 'ಹೆಂಡತಿಗೆ ಬರೆಯಲು ಮುಖವಿಲ್ಲ, ಆದ್ದರಿಂದ ಕಂಪನಿಗೆ ಬರೆಯುತ್ತಿದ್ದೇನೆ. ಡಿಸೆಂಬರ್ ಹತ್ತಕ್ಕೆ ಆಲ್ನಿಕ್ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಯಂತ್ರ ಕೊಡುತ್ತಾರಂತೆ. ಒಬ್ಬನೇ ಹೋದರೆ ಅವರು ಹೇಳುವುದು ನನಗೆ ಅರ್ಧ ಕೇಳಿಸುವುದಿಲ್ಲ, ಈ ಕೆಲಸಕ್ಕೂ ಇಬ್ಬರು ಬೇಕು. ಹತ್ತು ಗಂಟೆಯ ಬಸ್ಸಿನಿಂದ ಇಳಿದು ನಿಲ್ದಾಣದಲ್ಲೇ ಕಾಯುತ್ತೇನೆ. ಹಿನ್ನಿ, ಬಾ. ಬರದಿದ್ದರೆ ನಿನ್ನ ತೀರ್ಮಾನ ಗೊತ್ತಾಯಿತು ಅಂದುಕೊಳ್ಳುತ್ತೇನೆ, ಮತ್ತೆ ಕೇಳುವುದಿಲ್ಲ.'

ಅರ್ಧ ದಿನ ಕೂತಿದ್ದೆಯಂತೆ. ಆಸ್ಪತ್ರೆಗೂ ಹೋಗಲಿಲ್ಲ ಅಂತ ಈಗ ಅರ್ಥವಾಯಿತು. ಮೂರು ದಿನ ಜ್ವರವಂತೆ. ನಾನು ಇಲ್ಲಿ ಆ ಕಾಗದದ ಮೇಲೆ ಬಟ್ಟೆ ಹೊದಿಸಿ, ನೀನು ನನಗೆ ಅಂತ ಒಂದು ಸಾಲೂ ಯಾಕೆ ಬರೆಯಲಿಲ್ಲ ಅಂತ ಆರು ತಿಂಗಳು ನಿನ್ನ ಮೇಲೆ ಸಿಟ್ಟಾಗಿದ್ದೆ. ಅಯ್ಯೋ ನನ್ನ ಹಣೆಬರಹವೇ. ಕೆನ್ನೆಗೆ ಹೊಡೆದುಕೊಳ್ಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ನೀನು ಕಂಪನಿಯ ಹಿಂದೆ ಅಡಗಿ ಬರೆದೆ, ನಾನೂ ಕಂಪನಿಯ ಹಿಂದೆ ಅಡಗಿ ಬರೆದೆ. ಈ ಕಂಪನಿ ಇಲ್ಲದಿದ್ದರೆ ನಾವಿಬ್ಬರೂ ಮಾತೇ ಆಡುತ್ತಿರಲಿಲ್ಲವೇನೋ.

ಇದನ್ನು ಅಂಚೆಗೆ ಹಾಕುವುದಿಲ್ಲ. ಈಗ ಅಂಚೆಯನ್ನು ನಂಬುವ ಹಾಗಿಲ್ಲ, ನನ್ನನ್ನಂತೂ ನಂಬುವ ಹಾಗೇ ಇಲ್ಲ. ನಾಳೆ ಸೋಮವಾರ ಗಾಡಿ ತೆಗೆದುಕೊಂಡು ನಾನೇ ಸೀಹೌಸಸ್‌ಗೆ ಬಂದು, ಐಸೊಬೆಲ್‌ಳ ಬಾಗಿಲ ಕಂಡಿಯಲ್ಲಿ ಹಾಕಿ ಹೋಗುತ್ತೇನೆ. ಮನೆಯೊಳಗೆ ಬರುವ ಹಾಗಿಲ್ಲ, ಹೊರಗೆ ಎರಡು ಮೀಟರ್ ದೂರದಲ್ಲಿ ಕೂರಬಹುದು ಅಂತ ಈ ವಾರದಿಂದ ಅಪ್ಪಣೆ ಇದೆ. ಎರಡು ಮೀಟರ್ ನಮಗೇನು ದೂರ? ಆರ್ಗನ್‌ನ ಒಳಗೂ ಹೊರಗೂ ಅದಕ್ಕಿಂತ ಹೆಚ್ಚೇ ಇರುತ್ತಿತ್ತು. ನಿನಗೆ ಕೇಳಿಸದಿದ್ದರೆ ಮತ್ತೆ ಹೇಳುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ, ಮುಖಕ್ಕೇ ಹೇಳುತ್ತೇನೆ. ಪುಸ್ತಕ, ಪೆನ್ನು, ನಾಲ್ಕು ಹಿನ್ನಿ ರೊಟ್ಟಿ ತರುತ್ತೇನೆ. ಆಸ್ಪತ್ರೆಯವರು ಕಿವಿ ಪರೀಕ್ಷೆ ಮತ್ತೆ ಶುರುಮಾಡಿದ ದಿನ, ಯಾವ ಊರಾದರೂ ಸರಿ, ನಾನೂ ಬರುತ್ತೇನೆ.

ಹೆಸ್ಲಪ್ ಅಂಡ್ ಹೆಸ್ಲಪ್ ಕಂಪನಿಯ ಆಡಳಿತ ಮಂಡಳಿಯ ಸಭೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಂದರಿನ ಗೋಡೆಯ ಮೇಲೆ. ನಾನು ಹತ್ತು ಗಂಟೆಗೇ ಬಂದು ಕೂತಿರುತ್ತೇನೆ. ನೀನು ಎಷ್ಟು ಹೊತ್ತಿಗೆ ಬಂದರೂ ಅಲ್ಲೇ ಇರುತ್ತೇನೆ.